ಇತಿಹಾಸಕ್ಕೆ ಆರು ಪಾಯಿಂಟು, ಪಾಯಿಂಟಿಗೊಂದು ಮಾರ್ಕು

ಮೊದಲನೇ ಮಹಾಯುದ್ಧ ಯಾಕಾಯ್ತು ಅಂತ ದೊಡ್ಡ ದೊಡ್ಡ ಇತಿಹಾಸಕಾರರೆಲ್ಲ ನೂರು ವರ್ಷದಿಂದ ಕಿತ್ತಾಡ್ತಾನೇ ಇದಾರೆ, ಪಾಪ ಅವರಿಗೆ ಯಾರೂ ಹೈಸ್ಕೂಲ್ ಗೈಡ್ ಕೊಡಿಸಿಲ್ಲ ಅನ್ಸುತ್ತೆ. ಅದರಲ್ಲಿ ಕಾರಣಗಳು ಕರೆಕ್ಟಾಗಿ ಆರು. ಯಾಕೆ ಆರು? ಪ್ರಶ್ನೆಗಿರೋದು ಆರು ಮಾರ್ಕು, ಅದಕ್ಕೆ. ನಾಲ್ಕು ಮಾರ್ಕಿಗೆ ಕೇಳಿದ ವರ್ಷ ಅದೇ ಯುದ್ಧ ನಾಲ್ಕೇ ಕಾರಣಕ್ಕೆ ನಡೆದುಹೋಗುತ್ತೆ, ಸೈನಿಕವಾದ ಮತ್ತು ರಹಸ್ಯ ಒಪ್ಪಂದಗಳಿಗೆ ಆ ವರ್ಷ ರಜೆ.

ಎಷ್ಟೇ ಮಾರ್ಕಿಗೆ ಕೇಳಲಿ, ಕೊನೇಲಿ 'ತಕ್ಷಣದ ಕಾರಣ' ಮಾತ್ರ ಕಂಪಲ್ಸರಿ. 1914ರ ಜೂನ್ 28, ಸರಾಯೆವೊ, ಆಸ್ಟ್ರಿಯಾದ ಯುವರಾಜ ಫರ್ಡಿನೆಂಡ್ ಹತ್ಯೆ, ಕೆಳಗೆ ಸ್ಕೇಲ್ ಇಟ್ಟು ಒಂದು ಗೆರೆ, ಮುಗೀತು. ಅವತ್ತು ಬೆಳಿಗ್ಗೆ ಮೊದಲು ಎಸೆದ ಬಾಂಬಿನಿಂದ ಆ ಯುವರಾಜ ಪಾರಾಗಿದ್ದ, ಆಮೇಲೆ ಅವನ ಡ್ರೈವರ್ ತಪ್ಪು ರಸ್ತೆಗೆ ತಿರುಗಿಸಿ ಕಾರು ಹೋಗಿ ನಿಂತಿದ್ದು ಗುಂಡು ಹೊಡೆದ ಗಾವ್ರಿಲೊ ಪ್ರಿನ್ಸಿಪ್ ಎದುರಿಗೇ, ಆ ಪ್ರಿನ್ಸಿಪ್‌ಗೆ ಆಗ ಬರೀ 19 ವರ್ಷ, 20 ತುಂಬಿಲ್ಲ ಅಂತ ಕಾನೂನು ಪ್ರಕಾರ ಮರಣದಂಡನೆನೂ ಕೊಡೋಕಾಗ್ಲಿಲ್ಲ. ಹದಿನೈದು ವರ್ಷದ ಮಕ್ಕಳ ಮುಂದೆ ಇದನ್ನ ಹೇಳಿದ್ರೆ ಲಾಸ್ಟ್ ಬೆಂಚಲ್ಲಿ ತೂಕಡಿಸೋನೂ ಎದ್ದು ಕೂರ್ತಾನೆ. ಆದ್ರೆ ಆ ರಿಸ್ಕ್ ಯಾಕೆ ಬೇಕು ಹೇಳಿ? ಎದ್ದು ಕೂತೋನು ಸುಮ್ನಿರ್ತಾನಾ, "ಸಾರ್, ಡ್ರೈವರ್ ನೆಟ್ಟಗೆ ಹೋಗಿದ್ರೆ ಯುದ್ಧ ಆಗ್ತಿರ್ಲಿಲ್ವಾ" ಅಂತ ಕೇಳೇ ಕೇಳ್ತಾನೆ. ಕೀ ಆನ್ಸರಲ್ಲಿ ಅದಕ್ಕೆ ಉತ್ತರ ಇಲ್ಲ. ಪೋರ್ಷನ್ ಬೇರೆ ಮುಗೀಬೇಕು. ಅದೂ ಮ್ಯಾಥ್ಸ್‌ನೋರು ಸ್ಪೆಷಲ್ ಕ್ಲಾಸಿಗೆ ಅಂತ ಎತ್ಕೊಂಡು ಹೋಗಿ ಉಳಿದ ಪೀರಿಯಡ್‌ಗಳಲ್ಲಿ.

ರಾಜರದ್ದು ಇನ್ನೂ ಸುಲಭ. ಯಾವ ರಾಜನ ಸಾಧನೆ ಕೇಳಿದ್ರೂ ರಸ್ತೆ ಮಾಡಿಸಿದನು, ಬಾವಿ ತೋಡಿಸಿದನು, ಸಾಲುಮರ ನೆಡಿಸಿದನು, ಕಲೆ ಸಾಹಿತ್ಯಕ್ಕೆ ಪ್ರೋತ್ಸಾಹ ನೀಡಿದನು. ಹೆಸರು ಜಾಗ ಖಾಲಿ ಬಿಟ್ಟು ಪ್ರಿಂಟ್ ಹಾಕಿಸಿಟ್ರೆ ನಾಲ್ಕಾರು ವಂಶಕ್ಕೆ ಆಗುತ್ತೆ.

ಅಶೋಕನನ್ನೇ ತಗೊಳ್ಳಿ. ಕ್ರಿ.ಪೂ. 261, ಕಳಿಂಗ ಯುದ್ಧ, ರಕ್ತಪಾತ ನೋಡಿ ಮನಸ್ಸು ಕರಗಿತು, ಬೌದ್ಧ ಧರ್ಮದ ಕಡೆ ವಾಲಿದನು, ಎರಡು ಮಾರ್ಕು. ಇದು ನಮಗೆ ಗೊತ್ತಾಗಿದ್ದು ಹೇಗಪ್ಪಾ ಅಂದ್ರೆ ಅವನೇ 13ನೇ ಬಂಡೆ ಶಾಸನದಲ್ಲಿ ಬರೆಸಿದಾನೆ: ಒಂದೂವರೆ ಲಕ್ಷ ಜನರನ್ನ ಹಿಡಿದು ಸಾಗಿಸಿದ್ದು, ಒಂದು ಲಕ್ಷ ಜನ ಸತ್ತಿದ್ದು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತುಹೋಗಿದ್ದು, ತನಗೆ ಪಶ್ಚಾತ್ತಾಪ ಆಗಿದ್ದು. ಸರಿ. ಆದ್ರೆ ಕಳಿಂಗದ ನೆಲದಲ್ಲೇ ಇರೋ ಧೌಲಿ, ಜೌಗಡದ ಬಂಡೆಗಳಲ್ಲಿ ಹುಡುಕಿ ನೋಡಿ, ಈ ಶಾಸನ ಅಲ್ಲಿಲ್ಲ! ದೂರದ ಊರುಗಳಲ್ಲೆಲ್ಲ ಕೆತ್ತಿಸಿದ ಪಶ್ಚಾತ್ತಾಪವನ್ನ ಪೆಟ್ಟು ತಿಂದವರ ಮನೆ ಬಾಗಿಲಲ್ಲಿ ಮಾತ್ರ ಕೆತ್ತಿಸ್ಲಿಲ್ಲ, ಅಲ್ಲಿ ಅದರ ಬದಲು "ಎಲ್ಲ ಮನುಷ್ಯರೂ ನನ್ನ ಮಕ್ಕಳು" ಅನ್ನೋ ಬೇರೆ ಶಾಸನ ಹಾಕಿಸಿದ. ಯಾಕೆ? ಮುಜುಗರನಾ, ಗಾಯ ಕೆದಕೋದು ಬೇಡ ಅಂತಲಾ, ಅಥವಾ ಪಕ್ಕಾ ರಾಜಕೀಯನಾ? ಒಂದು ಇಡೀ ಪೀರಿಯಡ್ ಮಕ್ಕಳನ್ನ ಜಗಳಕ್ಕೆ ಬಿಡಬಹುದಾದ ಪ್ರಶ್ನೆ ಇದು, ನನ್ನ ಕೇಳಿದ್ರೆ ಇತಿಹಾಸ ಅಂದ್ರೆ ಈ ಜಗಳವೇ. ಪ್ರಶ್ನೆಪತ್ರಿಕೆ ಬ್ಲೂಪ್ರಿಂಟಲ್ಲಿ ಇಲ್ಲ, ಬಿಡಿ. ಆ ಶಾಸನಗಳ ಬ್ರಾಹ್ಮಿ ಲಿಪಿ ಓದೋಕೆ ಬರದೆ ಶತಮಾನಗಟ್ಟಲೆ ಬಂಡೆಗಳು ಸುಮ್ನೆ ನಿಂತಿದ್ದು, 1837ರ ಹೊತ್ತಿಗೆ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಅದನ್ನ ಬಿಡಿಸಿದ್ದು, ಅವುಗಳಲ್ಲಿ ಬರೋ 'ದೇವಾನಾಂಪ್ರಿಯ' ಅನ್ನೋನು ಅಶೋಕನೇ ಅಂತ 1915ರಲ್ಲಿ ಮಸ್ಕಿ ಶಾಸನದಲ್ಲಿ ಹೆಸರು ಸಮೇತ ಸಿಕ್ಕಿದ್ದು, ಇಷ್ಟು ದೊಡ್ಡ ಪತ್ತೇದಾರಿ ಕಥೆ 'ಹೊಂದಿಸಿ ಬರೆಯಿರಿ'ಯಲ್ಲಿ ಒಂದು ಗೆರೆ ಎಳೆಯೋದಕ್ಕೆ ಬಂದು ನಿಂತಿದೆ.

ಇಸವಿ ಅಂದ್ರಂತೂ ಪ್ರಾಣ. 1789ರ ಜುಲೈ 14 ಬಾಸ್ಟೀಲ್ ಪತನ, ಉರು ಹೊಡೀರಿ. ಒಳಗಿದ್ದ ಕೈದಿಗಳು ಏಳೇ ಜನ ಅನ್ನೋದು ಬೇಕಿಲ್ಲ. ಅವತ್ತು ಫ್ರಾನ್ಸಿನ ರಾಜ 16ನೇ ಲೂಯಿ ತನ್ನ ಡೈರಿಯಲ್ಲಿ ಬರೆದಿದ್ದು "ಏನೂ ಇಲ್ಲ" ಅಂತ, ಅದು ಬೇಟೆ ಲೆಕ್ಕದ ಡೈರಿ, ಅವತ್ತು ಶಿಕಾರಿ ಆಗಿರ್ಲಿಲ್ಲ. ನಮ್ಮ ಪರೀಕ್ಷೆಗೆ ಕೂತಿದ್ರೆ ಲೂಯಿಗೆ ಸೊನ್ನೆ ಬರ್ತಿತ್ತು, ಅದೂ ತನ್ನದೇ ಪಾಠದಲ್ಲಿ.

ಇಷ್ಟೆಲ್ಲ ಮಾಡಿ, "ಹಿಸ್ಟರಿ ಓದಿ ಏನು ಕಡಿದು ಗುಡ್ಡೆ ಹಾಕ್ತೀಯ, ಸೈನ್ಸ್ ತಗೋ" ಅಂತ ಮಕ್ಕಳಿಗೆ ಬೈಯೋ ಅಪ್ಪಂದಿರು ಸರ್ಕಾರ ಬದಲಾಗಿ ಪಠ್ಯಪುಸ್ತಕಕ್ಕೆ ಕೈ ಹಾಕಿದ ತಕ್ಷಣ ಎದ್ದು ನಿಲ್ತಾರೆ ನೋಡಿ! ಈ ಪಾಠ ತೆಗೆದ್ರಂತೆ, ಆ ರಾಜನಿಗೆ ಅರ್ಧ ಪೇಜ್ ಕಮ್ಮಿ ಕೊಟ್ರಂತೆ, ಟೀವಿಯಲ್ಲಿ ಎಂಟು ಜನ ಒಟ್ಟಿಗೆ ಕೂಗಾಟ. ಆ ಪುಸ್ತಕ ತೆರೆದು ನೋಡಿದೋರು ಆ ಎಂಟರಲ್ಲಿ ಎಷ್ಟು ಜನ ಅಂತ ನಿರೂಪಕರೂ ಕೇಳಲ್ಲ. ಎಡದೋರು ಬರಲಿ ಬಲದೋರು ಬರಲಿ, ರಾಜರು ಒಳಗೆ ಹೊರಗೆ ಓಡಾಡ್ತಿರಲಿ, ಪಾಠದ ಕೊನೇಲಿರೋ 'ಐದು ಕಾರಣಗಳನ್ನು ಪಟ್ಟಿ ಮಾಡಿ'ಯನ್ನ ಮಾತ್ರ ಇವತ್ತಿನವರೆಗೂ ಯಾವ ಸಮಿತಿಯೂ ಮುಟ್ಟಿಲ್ಲ, ಅದರಲ್ಲಿ ಸರ್ವಪಕ್ಷ ಒಮ್ಮತ.

ಆಮೇಲೆ ಫ್ಯಾಮಿಲಿ ಗ್ರೂಪಿಗೆ ಬೆಳಿಗ್ಗೆ ಬೆಳಿಗ್ಗೆ ಬಂದು ಬೀಳುತ್ತೆ, "ಸ್ಕೂಲಲ್ಲಿ ನಿಮಗೆ ಹೇಳಿಕೊಡದ ನಿಜವಾದ ಇತಿಹಾಸ, ಹತ್ತು ಜನಕ್ಕೆ ಕಳಿಸಿ". ಕಳಿಸಿರೋದು ನಮ್ಮ ಚಿಕ್ಕಪ್ಪ. ಇದಕ್ಕೆ ಆಧಾರ ಏನು ಚಿಕ್ಕಪ್ಪ, ಯಾವ ಶಾಸನ, ಎಲ್ಲಿದೆ ಅಂತ ಮರ್ಯಾದೆಯಿಂದಲೇ ಕೇಳಿದೆ. ಅರ್ಧ ಗಂಟೆ ಬಿಟ್ಟು ರಿಪ್ಲೈ ಬಂತು: "ನಂಗೇ ಹೇಳ್ಕೊಡ್ತೀಯೇನೋ, ಹೈಸ್ಕೂಲಲ್ಲಿ ಹಿಸ್ಟರಿಗೆ ಕ್ಲಾಸಿಗೇ ಫಸ್ಟ್ ನಾನು."