ಪಿಕ್ ಅಪ್ಪೂ ನಮ್ಮ ಎತ್ತೂ

ಬೆಂಗಳೂರಿನ ಮೆಕ್ಯಾನಿಕ್ ಹತ್ತಿರ ‘ಪಿಕಪ್ ಇಲ್ಲ’ ಅಂದರೆ ಸಾಕು, ಅವನಿಗೆ ಪೂರ್ತಿ ಅರ್ಥವಾಗುತ್ತದೆ: ಆಕ್ಸಿಲರೇಟರ್ ತಿರುವಿದರೂ ಗಾಡಿ ನುಗ್ಗುತ್ತಿಲ್ಲ, ಕ್ಲಚ್ ಪ್ಲೇಟ್ ಸವೆದಿರಬೇಕು, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿರಬೇಕು. ನಾನಿರುವ ಇಂಗ್ಲೆಂಡಿನಲ್ಲಿ ಪಿಕಪ್ ಅಂದರೆ ಮೊದಲು ನೆನಪಾಗುವುದು ಹಿಂಭಾಗ ತೆರೆದಿರುವ ಸಾಮಾನಿನ ಗಾಡಿ. ವೇಗದ ಅರ್ಥ ಇಂಗ್ಲಿಷ್ ನಿಘಂಟಿನಲ್ಲೂ ಇದೆ. ಬಾಳಿ ಬದುಕುತ್ತಿರುವುದು ಮಾತ್ರ ನಮ್ಮ ಗ್ಯಾರೇಜುಗಳಲ್ಲಿ.

ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲಿ ‘ಪಿಕ್’ ಜೊತೆ ‘ಅಪ್’ ಸೇರಿದಂಥ ಕ್ರಿಯಾಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತಾರೆ. ಪಿಕ್ ಅಪ್ ಅಂದರೆ ಎತ್ತು, ಕರೆತರು, ಕಲಿ, ಚೇತರಿಸಿಕೋ, ಬಂಧಿಸು. ಇದು ದಂಡದ ಕೆಲಸ ಅನ್ನುವುದು ನನ್ನ ಅಭಿಪ್ರಾಯ. ಕನ್ನಡ ಕಲಿಯಲು ಬಂದವರಿಗೆ ‘ಎತ್ತು’ ಪದದ ಪಟ್ಟಿ ಕೊಟ್ಟು ನೋಡಿ: ಮಗುವನ್ನು ಎತ್ತಿಕೊಳ್ಳುತ್ತೇವೆ, ಮಾತು ಎತ್ತುತ್ತೇವೆ, ಚೀಟಿ ಎತ್ತುತ್ತೇವೆ, ಸಾಲ ತೀರಿಸಲಾಗದೆ ಕೈ ಎತ್ತುತ್ತೇವೆ. ಹೈಕೋರ್ಟ್ ಕೆಳಗಿನ ಕೋರ್ಟಿನ ತೀರ್ಪನ್ನು ಎತ್ತಿಹಿಡಿಯುತ್ತದೆ, ಅಣ್ಣನ ಮೇಲೆ ತಮ್ಮನನ್ನು ಯಾರೋ ಎತ್ತಿಕಟ್ಟುತ್ತಾರೆ, ಹಳೇ ತಪ್ಪನ್ನು ಅತ್ತೆ ಎತ್ತಿ ಆಡುತ್ತಾರೆ. ಇವನ್ನು ನಾವು ಯಾವ ಪಟ್ಟಿಯಿಂದಲೂ ಕಲಿತಿಲ್ಲ. ಇಂಗ್ಲಿಷಿನವರೂ ಅಷ್ಟೇ, ಶತಮಾನಗಳಿಂದ ಆಡುತ್ತಿದ್ದ ಈ ಬಗೆಗೆ ‘ಫ್ರೇಸಲ್ ವರ್ಬ್’ ಅನ್ನುವ ಹೆಸರು ಲೇಖಕ ಲೋಗನ್ ಪಿಯರ್ಸಾಲ್ ಸ್ಮಿತ್ ಅವರ ಬರಹದಿಂದ ಚಾಲ್ತಿಗೆ ಬಂದದ್ದೇ 1925ರಲ್ಲಿ.

ಅರ್ಥವನ್ನು ಹೇಳುವುದು ಕ್ರಿಯಾಪದವಲ್ಲ, ಅದರ ಜೊತೆಗಿರುವ ವಸ್ತು. ‘ಪಿಕ್ ಅಪ್’ ಮಾಡುವುದು ಪಾರ್ಸೆಲ್ ಆದರೆ ಹೋಗಿ ತಗೊಂಡು ಬರುವುದು. ಬಿಲ್ ಆದರೆ ಎಲ್ಲರ ಪರವಾಗಿ ದುಡ್ಡು ಕೊಡುವುದು. ಸಿಗ್ನಲ್ ಆದರೆ ಹಿಡಿಯುವುದು. ಎತ್ತಿದವರು ಪೊಲೀಸರಾದರೆ ನಮ್ಮ ‘ಎತ್ತಾಕ್ಕೊಂಡು ಹೋದ್ರು’ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ವಸ್ತುವೇ ಇಲ್ಲದೆ ಗಾಳಿಯೋ ವ್ಯಾಪಾರವೋ ತಾನಾಗಿ ‘ಪಿಕ್ ಅಪ್’ ಆದರೆ ಜೋರಾಯಿತು ಎಂದು. ಚಿಕ್ಕಪೇಟೆಯಲ್ಲೂ ‘ಹಬ್ಬಕ್ಕೆ ವ್ಯಾಪಾರ ಪಿಕಪ್ ಆಯ್ತು’ ಅನ್ನುತ್ತಾರಲ್ಲ, ಅದೇ.

ನಿಜವಾದ ಎಡವಟ್ಟು ಆಗುವುದು ನೆಗಡಿಯ ಹತ್ತಿರ. ಇಂಗ್ಲಿಷಿನವನು ನೆಗಡಿಯನ್ನು ಆಫೀಸಿನಲ್ಲಿ ತಾನೇ ‘ಪಿಕ್ ಅಪ್’ ಮಾಡುತ್ತಾನೆ. ನಮ್ಮಲ್ಲಿ ನೆಗಡಿಯೇ ಬಂದು ನಮ್ಮನ್ನು ಹಿಡಿಯುತ್ತದೆ. ಭಾಷೆಯ ಕಥೆಯೂ ಹೀಗೆಯೇ. ಶಿವಾಜಿನಗರದಲ್ಲಿ ಅಂಗಡಿ ಇಟ್ಟವರಿಗೆ ತಮಿಳು, ಉರ್ದು ಎಲ್ಲ ‘ಬರುತ್ತದೆ’. ಇಂಗ್ಲಿಷಿನಲ್ಲಿ ಹೇಳುವಾಗ ಅವರೇ ಕರ್ತೃವಾಗಿ ನಿಂತು ಆ ಭಾಷೆಗಳನ್ನು ‘ಪಿಕ್ ಅಪ್’ ಮಾಡಬೇಕು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ದಾಟಿಸುವಾಗ ಕರ್ತೃವನ್ನು ಬದಲಿಸಲು ಮರೆತರೆ ವಾಕ್ಯ ಕುಂಟುತ್ತದೆ. ಇನ್ನೊಂದು ಸೂಕ್ಷ್ಮ: ಫೀಸು ಕಟ್ಟಿ, ಪರೀಕ್ಷೆ ಬರೆದು ಕಲಿತ ಜರ್ಮನ್‌ಗೆ ಈ ಪದ ಒಗ್ಗುವುದಿಲ್ಲ. ಕೇಳಿ ಕೇಳಿ ಬಂದದ್ದಕ್ಕೆ ಮಾತ್ರ.

‘ಅಪ್’ ಎಲ್ಲಿ ಕೂರಬೇಕು ಅನ್ನುವುದಕ್ಕೂ ಲೆಕ್ಕವಿದೆ. ‘ಪಿಕ್ ಅಪ್ ದ ಪಾರ್ಸೆಲ್’, ‘ಪಿಕ್ ದ ಪಾರ್ಸೆಲ್ ಅಪ್’ ಎರಡೂ ಸರಿ. ಪಾರ್ಸೆಲ್ ಹೋಗಿ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪಿಕ್ ಇಟ್ ಅಪ್’. ಬೇಗ ಬೇಗ ಮಾತಾಡುವಾಗ ಅದು ‘ಪಿಕಿಟಪ್’ ಎಂದು ಒಂದೇ ಪದದಂತೆ ಕೇಳಿಸುವುದರಿಂದ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ವಸ್ತುವಿನ ವರ್ಣನೆ ಉದ್ದವಾದರೆ ‘ಅಪ್’ ಅನ್ನು ಕೊನೆಗೆ ತಳ್ಳದೆ ಪಿಕ್ಕಿನ ಪಕ್ಕದಲ್ಲೇ ಇಡುವುದು ಲೇಸು. ಇನ್ನು ‘ಪಿಕ್ ಅಪ್ ಆನ್’ ಎಂದು ಮೂರು ಸೇರಿದರೆ ಸೂಕ್ಷ್ಮವಾಗಿ ಗಮನಿಸುವುದು ಎಂದರ್ಥ, ಅಲ್ಲಿ ‘ಇಟ್’ ಕೊನೆಗೇ ಬರುತ್ತದೆ.

ಬೆಂಗಳೂರಿನಲ್ಲಿ ನಾವು ಫೋನಿನ ವಿಷಯಕ್ಕೆ ‘ಅಪ್’ ಅನ್ನೇ ಕತ್ತರಿಸಿದ್ದೇವೆ: ‘ಎಷ್ಟು ಸಲ ಮಾಡಿದ್ರೂ ಕಾಲ್ ಪಿಕ್ ಮಾಡ್ತಿಲ್ಲ ಕಣೋ.’ ಬಾಲದ ಜಾಗದಲ್ಲಿ ‘ಮಾಡು’ ಬಂದು ಕೂತಿರುವುದರಿಂದ ‘ಅಪ್’ ಯಾರಿಗೂ ಬೇಕಾಗಿಲ್ಲ. ಕನ್ನಡದೊಳಗೆ ಇದರಲ್ಲಿ ತಪ್ಪೇನೂ ಇಲ್ಲ, ತಿದ್ದುವವರ ಮಾತು ಕೇಳಬೇಡಿ. ಆದರೆ ಅದನ್ನೇ ಇಂಗ್ಲಿಷ್ ವಾಕ್ಯಕ್ಕೆ ಒಯ್ದು ‘ಪಿಕ್ ದ ಕಾಲ್’ ಅಂದರೆ, ಇಂಗ್ಲೆಂಡಿನವರಿಗೆ ಹಲವು ಕರೆಗಳಲ್ಲಿ ಒಂದನ್ನು ಆರಿಸು ಅಂದ ಹಾಗೆ ಕೇಳಿಸುತ್ತದೆ.

ಹುಡುಗಿಯೊಬ್ಬಳನ್ನು ‘ಪಿಕ್ ಅಪ್’ ಮಾಡಿದೆ ಅನ್ನುವಾಗ ಸ್ಥಳವನ್ನೂ ಸೇರಿಸಿ ಹೇಳುವುದು ಕ್ಷೇಮ. ಏರ್‌ಪೋರ್ಟಿನಿಂದ ಅಂದರೆ ಸವಾರಿ, ಬಾರಿನಲ್ಲಿ ಅಂದರೆ ಬೇರೆಯೇ ಕಥೆ. ಮನೆಗೆ ಬಿಡುವ ‘ಡ್ರಾಪ್’ ಕೂಡ ಹಾಗೆಯೇ. ಸ್ಟೇಷನ್ನೋ ಮನೆಯೋ ಹೆಸರು ಹೇಳಿದರೆ ಬರೀ ‘ಡ್ರಾಪ್’ ನಡೆಯುತ್ತದೆ, ಇಲ್ಲದಿದ್ದರೆ ಕೊನೆಗೊಂದು ‘ಆಫ್’ ಹಚ್ಚಿ. ಕ್ರಿಕೆಟ್ ಆಡುವವನಿಗೆ ‘ಐ ವಿಲ್ ಡ್ರಾಪ್ ಯು’ ಅಂದರೆ ಅವನು ಮುಂದಿನ ಮ್ಯಾಚಿಗೆ ತಂಡದಲ್ಲಿಲ್ಲ ಎಂದೇ ತಿಳಿದುಕೊಳ್ಳುತ್ತಾನೆ.