ಡೆಡ್‌ವುಡ್ ಅರ್ಧಕ್ಕೇ ನಿಂತ ಕಥೆಯಲ್ಲ

'ಡೆಡ್‌ವುಡ್ ಸರಣಿಗೆ ಕೊನೆಯೇ ಇಲ್ಲ, ಸುಮ್ನೆ ನೋಡಬೇಡಿ' ಎಂದು ಆ ಹೆಸರಿನ ಅಮೆರಿಕದ ಟಿವಿ ಸರಣಿಯ ಬಗ್ಗೆ ಒಂದು ಸಂದೇಶ ಹರಿದಾಡುತ್ತಿದೆ. ನಾನೂ ಅದನ್ನು ಕೆಲವರಿಗೆ ಕಳಿಸಿದ್ದೆ. ಅದು ತಪ್ಪು.

2006ರಲ್ಲಿ ಮೂರನೇ ಸೀಸನ್‌ಗೇ ಎಚ್‌ಬಿಒ ಚಾನೆಲ್ ಸರಣಿ ನಿಲ್ಲಿಸಿದ್ದು ನಿಜ. ಆದರೆ 2019ರಲ್ಲಿ ಅದೇ ಎಚ್‌ಬಿಒ ಒಂದು ಸಿನಿಮಾ ಮಾಡಿ ಕಥೆಗೆ ಮುಕ್ತಾಯ ಕೊಟ್ಟಿತು. ಬರೆದವರೂ ಸರಣಿಯನ್ನು ಕಟ್ಟಿದ ಡೇವಿಡ್ ಮಿಲ್ಚ್ ಅವರೇ. ಇಯಾನ್ ಮೆಕ್‌ಶೇನ್, ಟಿಮೊಥಿ ಓಲಿಫಂಟ್ ತಮ್ಮ ಹಳೇ ಪಾತ್ರಗಳಿಗೆ ಮರಳಿದರು.

ಇದು ಬರೀ ಕುದುರೆ, ಬಂದೂಕಿನ ಕಥೆಯಲ್ಲ. ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರ ನೆಲದಲ್ಲಿ ಚಿನ್ನದಾಸೆಗೆ ಎದ್ದುನಿಂತ, ಕಾನೂನೇ ಇಲ್ಲದ ಡೆಡ್‌ವುಡ್ ಎಂಬ ಬಿಡಾರ ನಿಧಾನವಾಗಿ ಊರಾಗುವ ಬಗೆ ಇಲ್ಲಿದೆ. 1876ರಲ್ಲಿ ಅಲ್ಲಿ ನಿಜಕ್ಕೂ ಇದ್ದವರೇ ಹಲವು ಪಾತ್ರಗಳು. ಬೈಗುಳ ಜಾಸ್ತಿ, ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ. ಆದರೆ ಆ ಮಾತಿನ ಸೊಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳಿಸಬೇಡಿ.