ಪಿಗ್ಮಿಯನ್ನು ಕಂಡುಹಿಡಿದ ನಮ್ಮ ತಂಡ

ಎಂ.ಟೆಕ್ ವಿದ್ಯಾರ್ಥಿಗಳೂ ಉದ್ಯಮಶೀಲತೆಯನ್ನು ಕಲಿಯಲೇಬೇಕೆಂದು ಉಡುಪಿಯ ಆಸುಪಾಸಿನ ನಮ್ಮ ಕಾಲೇಜು ತೀರ್ಮಾನಿಸಿದಂದಿನಿಂದ, ಉದ್ಯಮಿಯಾಗಲು ಬೇಕಾದ ಮೊದಲ ಅರ್ಹತೆ ಶೇಕಡಾ 75 ಹಾಜರಾತಿ ಎಂಬುದು ನಮಗೆಲ್ಲ ಮನದಟ್ಟಾಗಿದೆ. ಪರೀಕ್ಷೆಯಲ್ಲಿ ಉದ್ಯಮಿಯ ಹತ್ತು ಗುಣಲಕ್ಷಣಗಳಿಗೆ ಹತ್ತು ಅಂಕ. ಅವುಗಳಲ್ಲಿ ನಾಲ್ಕನೆಯದಾದ 'ನಷ್ಟಕ್ಕೆ ಅಂಜದಿರುವಿಕೆ'ಯನ್ನು ನಮಗೆ ಬೋಧಿಸುವವರು ಸೇರಿದ ದಿನದಿಂದಲೂ ಒಂದನೇ ತಾರೀಕಿನ ಸಂಬಳವನ್ನು ತಪ್ಪದೆ ಪಡೆಯುತ್ತಿರುವ ಪ್ರಾಧ್ಯಾಪಕರು.

ಮಹಾ ಕಂಪನಿಗಳು ಕ್ಯಾಲಿಫೋರ್ನಿಯಾದ ಗ್ಯಾರೇಜುಗಳಲ್ಲಿ ಹುಟ್ಟುತ್ತವೆಂದು ಪಾಠದಲ್ಲಿದೆ. ನಮ್ಮಲ್ಲಿ ಗ್ಯಾರೇಜು ಇಲ್ಲವಾದ್ದರಿಂದ ಹಳೆಯ ಪ್ರಯೋಗಾಲಯವೊಂದಕ್ಕೆ, ಹೊಸ ಉದ್ಯಮಗಳಿಗೆ ಕಾವು ಕೊಡುವ 'ಇನ್‌ಕ್ಯುಬೇಶನ್ ಸೆಂಟರ್' ಎಂಬ ಫಲಕ ಹಾಕಲಾಗಿದೆ. ಅದರ ಬೀಗದ ಕೈ ಸಂಜೆ ಐದಕ್ಕೆ ಸರಿಯಾಗಿ ಗುಮಾಸ್ತರ ಜೊತೆ ಮನೆಗೆ ಹೋಗುತ್ತದೆ.

ಕಳೆದ ತಿಂಗಳ ಸ್ಪರ್ಧೆಯಲ್ಲಿ ನಮ್ಮ ನಾಲ್ವರ ತಂಡಕ್ಕೆ ಮೊದಲ ಬಹುಮಾನ ಬಂತು. ಸಣ್ಣ ವ್ಯಾಪಾರಿಗಳು ದಿನಕ್ಕಿಷ್ಟೆಂದು ಉಳಿಸಬೇಕು, ಆ ಹಣವನ್ನು ಅವರಿದ್ದಲ್ಲಿಗೇ ಹೋಗಿ ಪಡೆಯಬೇಕು, ಎಲ್ಲವೂ ಒಂದು ಆ್ಯಪಿನ ಮೂಲಕ ನಡೆಯಬೇಕು ಎಂಬುದು ನಮ್ಮ ಯೋಜನೆ. ಇಡೀ ವ್ಯಾಪಾರವನ್ನು ಒಂದೇ ಹಾಳೆಯಲ್ಲಿ ತೋರಿಸುವ, ಒಂಬತ್ತು ಚೌಕಗಳ ಬಿಸಿನೆಸ್ ಮಾಡೆಲ್ ಕ್ಯಾನ್ವಾಸಿನಲ್ಲಿ ಎಂಟಕ್ಕೆ ಬಣ್ಣದ ಚೀಟಿ ಅಂಟಿಸಿ, ಆದಾಯದ ಚೌಕವನ್ನು ಖಾಲಿ ಬಿಟ್ಟಿದ್ದೆವು. ಇದು ದೇಶದಲ್ಲೇ ಮೊದಲ ಪ್ರಯತ್ನವೆಂದು ತೀರ್ಪುಗಾರರು ಕೊಂಡಾಡಿದರು.

ಅಂದು ಸಂಜೆ ಕ್ಯಾಂಟೀನಿನಲ್ಲಿ, ದಿನದ ಉಳಿತಾಯದ ಹಣವನ್ನು ಅಂಗಡಿಗೇ ಬಂದು ಪಡೆಯುವ ಪಿಗ್ಮಿಯವರು ಎಂದಿನಂತೆ ಗಲ್ಲಾದ ಎದುರು ನಿಂತು, ಮಾಲಕರಿಂದ ಇನ್ನೂರು ರೂಪಾಯಿ ಪಡೆದು, ಅಂಗೈಯಗಲದ ಯಂತ್ರದಿಂದ ರಸೀದಿ ಹರಿದು ಕೊಡುತ್ತಿದ್ದರು. ನಮ್ಮನ್ನು ಕಂಡವರೇ, "ಅಲ್ಲ ಮಾರಾಯ್ರೆ, ದಿನಾ ದುಡ್ಡು ಕಟ್ಟುವುದನ್ನು ನೀವು ಕಂಡುಹಿಡಿದಿರಂತೆ?" ಎಂದು ಕೇಳಿದರು. 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದೊಂದಿಗೆ, ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಹುಟ್ಟಿದ ಸಿಂಡಿಕೇಟ್ ಬ್ಯಾಂಕು, 1928ರಲ್ಲೇ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಬಾಗಿಲಿನಲ್ಲಿ ಸಂಗ್ರಹಿಸತೊಡಗಿತ್ತು. 2020ರಲ್ಲಿ ಆ ಬ್ಯಾಂಕು, 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ನಿಜ. ಆದರೆ ಅದರ ಹೆಸರಾದರೂ ನಮ್ಮ ಪಠ್ಯದಲ್ಲಿ ಇರಬಹುದಿತ್ತು. ಇಲ್ಲ. ಅಲ್ಲಿರುವುದು ಗ್ಯಾರೇಜುಗಳು ಮಾತ್ರ.

ಕ್ಯಾಂಟೀನಿನ ಮಾಲಕರು ಉದ್ಯಮಶೀಲತೆಯನ್ನು ಓದಿದವರಲ್ಲ. ಎಣ್ಣೆಯ ರೇಟು ಏರಿದ ದಿನ ದರವನ್ನು ಮುಟ್ಟದೆ, ಗೋಳಿಬಜೆಯನ್ನು ಲಿಂಬೆಯ ಗಾತ್ರದಿಂದ ನೆಲ್ಲಿಕಾಯಿಯ ಗಾತ್ರಕ್ಕೆ ಇಳಿಸುವ ಅವರನ್ನು ಅತಿಥಿ ಉಪನ್ಯಾಸಕ್ಕೆ ಕರೆಯೋಣವೆಂದು ನಾನು ಸೂಚಿಸಿದೆ. ಅವರಿಗೆ ಪಿಎಚ್‌ಡಿ ಇಲ್ಲವೆಂದು ವಿಭಾಗವು ವಿಷಾದಿಸಿತು.

ಬಹುಮಾನದ ಚೆಕ್ಕಿಗೆ ಮೂರು ಸಹಿ ಬೇಕು, ಈವರೆಗೆ ಒಂದಾಗಿದೆ. ಅಲ್ಲಿಯವರೆಗೆ ನಾಲ್ವರು ಸಂಸ್ಥಾಪಕರ ಚಹಾ, ಬನ್ಸುಗಳ ಲೆಕ್ಕವನ್ನು ಮಾಲಕರು ಸಾಲದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ.